ಹೊಗೆ ಬಂದಾಗ ಯಾರನ್ನು ಕೇಳಬೇಕು? ಅಪಾರ್ಟ್‌ಮೆಂಟ್, ಹೋಟೆಲ್, ಛತ್ರ, ಬಸ್ ಸ್ಟಾಪಿಗೆ ಒಂದು ಕೈಪಿಡಿ

"ಕೆಳಗಿನ ಮನೆಯವರು ಬಾಲ್ಕನಿಯಲ್ಲಿ ಸಿಗರೇಟು ಹಚ್ಚಿದರೆ ಹೊಗೆಯೆಲ್ಲ ನಮ್ಮ ಮಗುವಿನ ರೂಮಿಗೆ ಬರುತ್ತೆ, ಏನು ಮಾಡೋದು?" "ಬಸ್ ಸ್ಟಾಪಿನಲ್ಲಿ ಸೇದಬಾರದು ಅಂತ ಕಾನೂನಿದೆಯಾ?" "ನಮ್ಮ ಛತ್ರದಲ್ಲಿ ಬೋರ್ಡ್ ಹಾಕಿದ್ದೀವಿ, ಆದರೂ ಯಾರೂ ಕೇಳಲ್ಲ." ಇಂಥ ಪ್ರಶ್ನೆಗಳು ಮತ್ತೆ ಮತ್ತೆ ಬರುತ್ತಲೇ ಇವೆ. ಒಬ್ಬೊಬ್ಬರಿಗೇ ಉತ್ತರ ಬರೆದು ಸಾಕಾಗಿ, ಎಲ್ಲವನ್ನೂ ಒಂದೇ ಕಡೆ ಇಡುತ್ತಿದ್ದೇನೆ. ನಾನು ವಕೀಲನಲ್ಲ. ಎರಡು ವರ್ಷ ನಮ್ಮ ಅಪಾರ್ಟ್‌ಮೆಂಟಿನ ಸಂಘದ ಕಾರ್ಯದರ್ಶಿಯಾಗಿದ್ದೆ. ಅಲ್ಲಿ ತಪ್ಪು ಮಾಡಿ ಕಲಿತದ್ದೇ ಇದರಲ್ಲಿ ಜಾಸ್ತಿ.

ಮೊದಲು ಜನರ ಮನಸ್ಸಿನ ಮಾತು. ಐವತ್ತು ದಾಟಿದವರಿಗೆ ನೆನಪಿರುತ್ತದೆ, ಟೆಂಟ್ ಸಿನಿಮಾದಲ್ಲಿ ಪ್ರೊಜೆಕ್ಟರಿನ ಬೆಳಕಿನ ಕೋಲಿನೊಳಗೆ ಬೀಡಿ ಹೊಗೆ ಸುತ್ತುತ್ತಿತ್ತು. ಬಸ್ಸಿನಲ್ಲಿ, ಸರ್ಕಾರಿ ಕಚೇರಿಯ ಮೇಜಿನ ಹಿಂದೆ, ಡಾಕ್ಟರ ಕ್ಲಿನಿಕ್ಕಿನಲ್ಲೂ ಸೇದುತ್ತಿದ್ದರು. ಯಾರೂ ಏನೂ ಅನ್ನುತ್ತಿರಲಿಲ್ಲ. ಇವತ್ತು ಹಾಗಿಲ್ಲ. ಮದುವೆ ಮನೆಗೆ ಬಂದ ನೆಂಟ ತಾನಾಗಿಯೇ ಎದ್ದು ಗೇಟಿನ ಆಚೆ ಹೋಗುತ್ತಾನೆ. ನಾಲ್ಕು ಜನರ ಮಧ್ಯೆ ಹೊಗೆ ಬಿಡುವುದು ಸರಿಯಲ್ಲ ಎಂಬುದನ್ನು ಸೇದುವವರೂ ಒಪ್ಪುತ್ತಾರೆ. ಗ್ಯಾಟ್ಸ್ ಎಂಬ ದೊಡ್ಡ ಸಮೀಕ್ಷೆಯ 2016–17ರ ಲೆಕ್ಕದಲ್ಲಿ ಕರ್ನಾಟಕದ ವಯಸ್ಕರಲ್ಲಿ ಬೀಡಿ, ಸಿಗರೇಟು ಸೇದುವವರು ಶೇ 8.8. ಅಂದರೆ ನೂರರಲ್ಲಿ ಒಂಬತ್ತು ಜನ. ಉಳಿದ ತೊಂಬತ್ತೊಂದು ಜನ ಹೊಗೆ ಸಹಿಸಿಕೊಂಡು ಕೂತಿರುವುದು ಒಪ್ಪಿಗೆಯಿಂದಲ್ಲ, "ಸುಮ್ನೆ ಯಾಕೆ ಜಗಳ" ಅನ್ನುವ ಸಂಕೋಚದಿಂದ.

ಸೇದಬಾರದು ಎಂಬುದರಲ್ಲಿ ಯಾರಿಗೂ ತಕರಾರಿಲ್ಲ. ಆ ಮಾತು ಯಾರ ಬಾಯಿಂದ ಬರಬೇಕು ಎಂಬುದೇ ತಕರಾರು. ಕಾನೂನಿನಲ್ಲಿ ಅದಕ್ಕೆ ಉತ್ತರವಿದೆ: ಜಾಗ ಯಾರದೋ ಅವರ ಬಾಯಿಂದ. ಈ ಒಂದು ವಿಷಯ ತಲೆಯಲ್ಲಿದ್ದರೆ ಮುಂದಿನದೆಲ್ಲ ಸುಲಭ.

ಏನೇನು ಬೇಕು? ಒಂದು ನೋಟ್‌ಪುಸ್ತಕ, ಫೋನು, ಬೋರ್ಡಿಗೆ ಸ್ವಲ್ಪ ದುಡ್ಡು, ಜೊತೆಗೆ ನಿಮ್ಮ ಮಾತಿಗೆ ಹೂಂ ಅನ್ನುವ ಇಬ್ಬರು ಮೂವರು. ಒಬ್ಬರೇ ಹೊರಟರೆ "ತಕರಾರಿನ ಮನುಷ್ಯ" ಎಂಬ ಹೆಸರು ಬರುತ್ತದೆ, ಅಷ್ಟೇ.

1. ಅದು ಎಂಥ ಜಾಗ ಅಂತ ಗುರುತಿಸಿ

ಕೆಲಸ ಕೆಡುವುದು ಹೆಚ್ಚಾಗಿ ಇಲ್ಲೇ. ಹಾಗಾಗಿ ಸ್ವಲ್ಪ ನಿಧಾನವಾಗಿ ಓದಿ.

ನಮಗೆ ಬೇಕಾದ ಕಾನೂನಿನ ಹೆಸರು ಕೋಟ್ಪಾ. ಸಿಗರೇಟು ಮತ್ತು ಇತರ ತಂಬಾಕು ಪದಾರ್ಥಗಳ ಬಗ್ಗೆ 2003ರಲ್ಲಿ ಆದ ಕೇಂದ್ರದ ಕಾಯ್ದೆ ಇದು. ಇದರ 4ನೇ ಸೆಕ್ಷನ್ ಸಾರ್ವಜನಿಕ ಸ್ಥಳದಲ್ಲಿ ಧೂಮಪಾನ ಬೇಡ ಅನ್ನುತ್ತದೆ. ಇದು ಒಂದೇ ದಿನಕ್ಕೆ ಬಂದದ್ದಲ್ಲ. 1999ರಲ್ಲಿ ಕೇರಳ ಹೈಕೋರ್ಟ್, 2001ರಲ್ಲಿ ಮುರಳಿ ದೇವ್ರಾ ಅವರ ಅರ್ಜಿಯ ಮೇಲೆ ಸುಪ್ರೀಂ ಕೋರ್ಟ್ ಇದೇ ಮಾತು ಹೇಳಿದ್ದವು. ವಿವರವಾದ ನಿಯಮಗಳು ಜಾರಿಗೆ ಬಂದದ್ದು 2008ರ ಅಕ್ಟೋಬರ್ 2ರಂದು, ಗಾಂಧಿ ಜಯಂತಿಯ ದಿನ.

"ಸಾರ್ವಜನಿಕ ಸ್ಥಳ" ಅಂದರೆ ಸರ್ಕಾರದ ಜಾಗ ಅಂತ ತುಂಬಾ ಜನ ತಿಳಿದಿದ್ದಾರೆ. ಅದು ತಪ್ಪು. ಖಾಸಗಿಯವರದಾದರೂ ಜನ ಬಂದು ಹೋಗುವ ಜಾಗ ಅಂದರೆ ಸಾಕು. ಹೋಟೆಲ್, ದರ್ಶಿನಿ, ಬಾರ್, ಪಬ್, ಮಾಲ್, ಸಿನಿಮಾ ಮಂದಿರ, ಆಸ್ಪತ್ರೆ, ಶಾಲೆ, ಕಾಲೇಜು, ಗ್ರಂಥಾಲಯ, ಕಲ್ಯಾಣ ಮಂಟಪ, ಬಸ್ಸು, ರೈಲು ಎಲ್ಲವೂ ಇದರಲ್ಲಿ ಬರುತ್ತವೆ. ನೀವು ಕೆಲಸ ಮಾಡುವ ಖಾಸಗಿ ಕಂಪನಿಯ ಆಫೀಸೂ ಬರುತ್ತದೆ.

ಬಯಲು ಜಾಗಕ್ಕೆ ಕಾಯ್ದೆ ವಿನಾಯಿತಿ ಕೊಟ್ಟಿದೆ. ರಸ್ತೆ ಬದಿಯಲ್ಲಿ ನಿಂತು ಸೇದುವವರ ಮೇಲೆ ಈ ಸೆಕ್ಷನ್ ಹಾಕುವುದು ಕಷ್ಟ. ಆದರೆ ಬಸ್ ಸ್ಟಾಪು, ಬಸ್ ನಿಲ್ದಾಣ, ರೈಲು ನಿಲ್ದಾಣ, ಕ್ರೀಡಾಂಗಣ, ಬಯಲು ರಂಗಮಂದಿರ ಇವು ಆ ವಿನಾಯಿತಿಯೊಳಗೆ ಬರುವುದಿಲ್ಲ ಅಂತ 2008ರ ನಿಯಮಗಳೇ ಹೇಳಿವೆ. "ಮೇಲೆ ಆಕಾಶ ಕಾಣ್ತಿದೆಯಲ್ಲ ಸ್ವಾಮಿ" ಅನ್ನುವ ವಾದ ಬಸ್ ಸ್ಟಾಪಿನಲ್ಲಿ ನಡೆಯುವುದಿಲ್ಲ.

ಇನ್ನು ಅಪಾರ್ಟ್‌ಮೆಂಟ್. ಒಬ್ಬರ ಮನೆಯ ಒಳಗು, ಅವರ ಬಾಲ್ಕನಿ ಇವು ಕೋಟ್ಪಾಕ್ಕೆ ಸಿಗುವುದಿಲ್ಲ. ಲಿಫ್ಟು, ಮೆಟ್ಟಿಲು, ಲಾಬಿ, ಕ್ಲಬ್‌ಹೌಸ್ ಇವಕ್ಕೆ ಸಂಘದ ನಿಯಮ ಮಾಡುವುದೇ ಗಟ್ಟಿ ದಾರಿ. ಅದಕ್ಕೆ 6ನೇ ಹಂತ ನೋಡಿ.

ಕರ್ನಾಟಕದಲ್ಲಿ ಇರುವವರಿಗೆ ಇನ್ನೊಂದು ವಿಷಯ. ನಮ್ಮ ರಾಜ್ಯ ಈ ಕಾಯ್ದೆಗೆ ತನ್ನದೇ ತಿದ್ದುಪಡಿ ತಂದಿದೆ. ವಿಧಾನಮಂಡಲದಲ್ಲಿ 2024ರಲ್ಲಿ ಪಾಸಾಗಿ, ರಾಷ್ಟ್ರಪತಿಗಳ ಒಪ್ಪಿಗೆ ಸಿಕ್ಕಿ, 2025ರ ಮೇ ಕೊನೆಗೆ ಅಧಿಸೂಚನೆ ಆಯಿತು. ಮೊದಲು 200 ರೂಪಾಯಿ ಇದ್ದ ದಂಡ ಈಗ 1,000 ರೂಪಾಯಿವರೆಗೆ ಏರಿದೆ. ತಂಬಾಕು ಕೊಳ್ಳುವ ವಯಸ್ಸು 18ರಿಂದ 21ಕ್ಕೆ ಹೋಗಿದೆ. ಹುಕ್ಕಾ ಬಾರ್ ಪೂರ್ತಿ ಬಂದ್. ಬಿಡಿ ಸಿಗರೇಟು ಮಾರುವಂತಿಲ್ಲ. ಶಾಲೆ, ಕಾಲೇಜಿನಿಂದ 100 ಮೀಟರ್ ಒಳಗೆ ಮಾರಾಟವೇ ಇಲ್ಲ. ಇದೆಲ್ಲ ಕಾಗದದ ಮೇಲಿನ ಮಾತು. ನಿಮ್ಮ ಬೀದಿಯ ಪೆಟ್ಟಿ ಅಂಗಡಿಯಲ್ಲಿ ಒಂದೊಂದೇ ಸಿಗರೇಟು ಈಗಲೂ ಸಿಗುತ್ತಿದ್ದರೆ ನನಗೇನೂ ಆಶ್ಚರ್ಯವಿಲ್ಲ.

2. ಆ ಜಾಗದ ಹೊಣೆ ಯಾರದು ಅಂತ ಹುಡುಕಿ

ಹೋಟೆಲಾದರೆ ಮಾಲೀಕರು ಅಥವಾ ಮ್ಯಾನೇಜರ್. ಛತ್ರಕ್ಕೆ ಮ್ಯಾನೇಜರ್. ಆಫೀಸಿಗೆ ಎಚ್‌ಆರ್ ಅಥವಾ ಆಡಳಿತದವರು. ಅವರ ಜಾಗದಲ್ಲಿ ಯಾರೂ ಸೇದದಂತೆ ನೋಡಿಕೊಳ್ಳುವುದು ಅವರ ಕೆಲಸ, ಉಪಕಾರವಲ್ಲ. ದೂರು ಬಂದ ಮೇಲೂ ಅವರು ಕೈಕಟ್ಟಿ ಕೂತರೆ, ಅಲ್ಲಿ ಎಷ್ಟು ಜನ ತಪ್ಪು ಮಾಡಿದ್ದರೋ ಅಷ್ಟು ದಂಡ ಮಾಲೀಕರ ಮೇಲೂ ಬೀಳುತ್ತದೆ. ಇದು ಬಹಳ ಮಾಲೀಕರಿಗೇ ಗೊತ್ತಿಲ್ಲ. ಮೆಲ್ಲಗೆ ಹೇಳಿದರೆ ಕೂಡಲೇ ಎದ್ದು ಬರುತ್ತಾರೆ.

ಎಚ್ಚರ: ಹೇಳುವ ಕೆಲಸವನ್ನು ಸೆಕ್ಯುರಿಟಿಯವರ ಹೆಗಲಿಗೆ ಹಾಕಬೇಡಿ. ನಾವು ಮಾಡಿದ ಮೊದಲ ತಪ್ಪೇ ಇದು. ತಿಂಗಳ ಸಂಬಳದ ಕಾವಲುಗಾರ ಫ್ಲ್ಯಾಟಿನ ಮಾಲೀಕರಿಗೆ "ಸಾರ್, ಸೇದಬೇಡಿ" ಅನ್ನಲು ಸಾಧ್ಯವಾ? ಬೈಸಿಕೊಂಡ. ಮೂರನೇ ದಿನ ಕಂಡೂ ಕಾಣದಂತೆ ಕೂತ. ಅವನ ತಪ್ಪೇನೂ ಇಲ್ಲ.

3. ಮೊದಲು ಬಾಯಿಮಾತು

ಮಾಲೀಕರು ಸಿಗದ ಕಡೆ ನೀವೇ ಹೇಳಬೇಕಾಗುತ್ತದೆ. ಉದಾಹರಣೆಗೆ ಬಸ್ ಸ್ಟಾಪು. ಆಗ ಕಾನೂನಿನಿಂದ ಶುರು ಮಾಡಬೇಡಿ. "ಇದು ಅಪರಾಧ ಗೊತ್ತಾ?" ಅಂದ ತಕ್ಷಣ ಎದುರಿನವರು "ಪೊಲೀಸಿಗೆ ಕರೀರಿ ನೋಡೋಣ" ಅನ್ನುತ್ತಾರೆ. ಅಲ್ಲಿಂದ ಮುಂದಕ್ಕೆ ಸಿಗರೇಟಿನ ವಿಷಯ ಉಳಿಯುವುದೇ ಇಲ್ಲ, ಮರ್ಯಾದೆಯ ವಿಷಯ ಆಗಿಬಿಡುತ್ತದೆ.

ನನಗೆ ಕೆಲಸ ಮಾಡಿರುವ ಮಾತು ಇಷ್ಟೇ: "ಸಾರ್, ಒಂದ್ನಿಮಿಷ. ಹೊಗೆ ಈ ಕಡೆ ಬರ್ತಿದೆ. ಸ್ವಲ್ಪ ಆ ಕಡೆ ಹೋಗಿ ಸೇದ್ತೀರಾ?" ವಯಸ್ಸಿನಲ್ಲಿ ಚಿಕ್ಕವರಾದರೂ ಬಹುವಚನವೇ ಇರಲಿ. ಹಳ್ಳಿ ಕಡೆಯಾದರೆ "ಅಣ್ಣಾ, ಕೂಸು ಕೆಮ್ಮುತ್ತೆ, ಒಂಚೂರು ಆಚೆ" ಅಂದರೆ ಸಾಕು. "ಬಿಟ್ಟುಬಿಡಿ" ಅನ್ನಬೇಡಿ. "ನಿಮ್ಮ ಆರೋಗ್ಯಕ್ಕೇ ಒಳ್ಳೇದಲ್ಲ" ಅನ್ನಲೇಬೇಡಿ. ಪ್ಯಾಕಿನ ಮೇಲಿನ ಚಿತ್ರ ಅವರು ದಿನಾ ನೋಡುತ್ತಿದ್ದಾರೆ. ನೀವು ಕೇಳುತ್ತಿರುವುದು ಜಾಗ ಬದಲಿಸಿ ಅಂತ. ಅದಕ್ಕಿಂತ ಜಾಸ್ತಿ ಕೇಳಿದರೆ ಅದೂ ಸಿಗುವುದಿಲ್ಲ.

ಇನ್ನೊಂದು ಮಾತು ಇಲ್ಲೇ ಹೇಳಿಬಿಡುತ್ತೇನೆ. ಹತ್ತು ಗಂಡಸರು ಸೇದುವ ಕಡೆ ಸುಮ್ಮನಿದ್ದು, ಒಬ್ಬ ಹುಡುಗಿ ಸಿಗರೇಟು ಹಚ್ಚಿದ ಕೂಡಲೇ ಬುದ್ಧಿ ಹೇಳಲು ಹೋಗುವವರನ್ನು ಕಂಡಿದ್ದೇನೆ. ಅವರಿಗೆ ಹೊಗೆಯ ಚಿಂತೆ ಇಲ್ಲ, ಬೇರೆ ಏನೋ ಇದೆ. ನಿಯಮ ಹೊಗೆಗೆ ಮಾತ್ರ. ಸೇದುವವರು ಯಾರು ಅಂತ ನೋಡುವ ನಿಯಮವನ್ನು ಯಾರೂ ನಂಬುವುದಿಲ್ಲ.

4. ಬೋರ್ಡು ಹಾಕಿಸಿ, ಸರಿಯಾಗಿ ಹಾಕಿಸಿ

ಎ4 ಹಾಳೆಯಲ್ಲಿ ಪ್ರಿಂಟ್ ತೆಗೆದು ಅಂಟಿಸಿದ್ದು ಬೋರ್ಡಲ್ಲ. ನಿಯಮದಲ್ಲಿ ಅಳತೆ ಇದೆ. ಕನಿಷ್ಠ 60 ಸೆಂ.ಮೀ. ಉದ್ದ, 30 ಸೆಂ.ಮೀ. ಅಗಲ, ಬಿಳಿ ಹಿನ್ನೆಲೆ. ಕನಿಷ್ಠ 15 ಸೆಂ.ಮೀ. ಅಡ್ಡಳತೆಯ ವೃತ್ತ, ಅದಕ್ಕೆ 3 ಸೆಂ.ಮೀ.ಗೆ ಕಡಿಮೆಯಿಲ್ಲದ ಕೆಂಪು ಅಂಚು. ಒಳಗೆ ಹೊಗೆಯಾಡುವ ಸಿಗರೇಟು ಅಥವಾ ಬೀಡಿ, ಅದರ ಮೇಲೆ ಅಡ್ಡಕ್ಕೆ ಕೆಂಪು ಪಟ್ಟಿ. ಕೆಳಗೆ "ಧೂಮಪಾನ ನಿಷೇಧಿತ ಪ್ರದೇಶ. ಇಲ್ಲಿ ಧೂಮಪಾನ ಮಾಡುವುದು ಅಪರಾಧ" ಎಂಬ ಬರಹ. ಕನ್ನಡದಲ್ಲೇ ಬರೆಸಬಹುದು. ನಿಮ್ಮೂರಿನ ಫ್ಲೆಕ್ಸ್ ಅಂಗಡಿಯವರಿಗೆ ಈ ಅಳತೆ ಹೇಳಿದರೆ ಮಾಡಿಕೊಡುತ್ತಾರೆ.

ಬಾಗಿಲಲ್ಲಿ ಒಂದು ಹಾಕಿದರೆ ಮುಗಿಯಲಿಲ್ಲ. ಪ್ರತಿ ಮಹಡಿಯಲ್ಲಿ, ಮೆಟ್ಟಿಲ ಬಳಿ, ಲಿಫ್ಟಿನ ಬಾಗಿಲ ಹತ್ತಿರವೂ ಬೇಕು.

ಎಲ್ಲರೂ ಮರೆಯುವುದು ಒಂದೇ: ದೂರು ಯಾರಿಗೆ ಹೇಳಬೇಕು ಎಂಬ ಹೆಸರು. ಅದನ್ನು ಕಾಣುವಂತೆ ಬರೆಯಲೇಬೇಕು ಅಂತ ನಿಯಮವಿದೆ. ಜೊತೆಗೆ ಫೋನ್ ನಂಬರನ್ನೂ ಬರೆಸಿ. ಹೆಸರಿಲ್ಲದ ಬೋರ್ಡು ಗೋಡೆಯ ಅಲಂಕಾರ. ಹೆಸರು ಇದ್ದರೆ, ಸೇದುವವರಿಗೆ ನೀವು ಎದುರಾಳಿ ಆಗಬೇಕಿಲ್ಲ. ಬೋರ್ಡಿನ ಕಡೆ ಕೈ ತೋರಿಸಿದರೆ ಆಯಿತು.

5. ಆ್ಯಶ್‌ಟ್ರೇ ಎತ್ತಿಡಿ

"ನೆಲದ ಮೇಲೆ ಬೂದಿ ಬೀಳದಿರಲಿ ಅಂತ ಇಟ್ಟಿದ್ದೀವಿ" ಅನ್ನುತ್ತಾರೆ. ಸಾರ್ವಜನಿಕ ಸ್ಥಳದಲ್ಲಿ ಆ್ಯಶ್‌ಟ್ರೇ, ಬೆಂಕಿಪೊಟ್ಟಣ, ಲೈಟರ್ ಇಡುವಂತೆಯೇ ಇಲ್ಲ. ಆ್ಯಶ್‌ಟ್ರೇ ಕಂಡರೆ ಯಾರಿಗಾದರೂ "ಸೇದಬಹುದು" ಅಂತಲೇ ಅರ್ಥವಾಗುತ್ತದೆ. ಮಹಡಿಯ ಮೂಲೆಯ ಮರಳಿನ ಕುಂಡ, ಅರ್ಧ ಕತ್ತರಿಸಿದ ನೀರಿನ ಬಾಟಲಿ, ಕಿಟಕಿಯ ಮೇಲಿನ ತೆಂಗಿನ ಚಿಪ್ಪು ಎಲ್ಲವೂ ಆ್ಯಶ್‌ಟ್ರೇಯೇ. ಒಂದು ಸಂಜೆ ಸುತ್ತು ಹೊಡೆದು ಎಲ್ಲ ತೆಗೆಸಿ. ಬೋರ್ಡಿಗಿಂತ ಇದರಿಂದಲೇ ನಮಗೆ ಬೇಗ ಫಲ ಸಿಕ್ಕಿತು.

ಹಾಗಾದರೆ ಸ್ಮೋಕಿಂಗ್ ರೂಮ್? 30 ಅಥವಾ ಹೆಚ್ಚು ಕೋಣೆಗಳ ಹೋಟೆಲ್, 30 ಅಥವಾ ಹೆಚ್ಚು ಜನ ಕೂರುವ ರೆಸ್ಟೋರೆಂಟ್, ವಿಮಾನ ನಿಲ್ದಾಣ ಇವುಗಳಿಗೆ ಮಾತ್ರ ಅವಕಾಶ. ಅದೂ ಪರದೆ ಕಟ್ಟಿದ ಮೂಲೆ ಆಗುವುದಿಲ್ಲ. ನಾಲ್ಕೂ ಕಡೆ ಚಾವಣಿ ಮುಟ್ಟುವ ಗೋಡೆ, ತಾನಾಗಿ ಮುಚ್ಚಿಕೊಳ್ಳುವ ಬಾಗಿಲು, ಗಾಳಿ ನೇರವಾಗಿ ಹೊರಗೆ ಹೋಗುವ ವ್ಯವಸ್ಥೆ ಇರಬೇಕು. ಒಳಗಿನ ಗಾಳಿಯ ಒತ್ತಡ ಹೊರಗಿಗಿಂತ ಕಡಿಮೆ ಇರಬೇಕು. ಅಂದರೆ ಬಾಗಿಲು ತೆಗೆದರೆ ಗಾಳಿ ಒಳಗೆ ಹೋಗಬೇಕೇ ಹೊರತು ಹೊಗೆ ಹೊರಗೆ ಬರಬಾರದು. ಆ ಕೋಣೆಯಲ್ಲಿ ಊಟ, ತಿಂಡಿ, ಕುಡಿಯಲು ಏನನ್ನೂ ಕೊಡುವಂತಿಲ್ಲ. ಸೇದುವುದಕ್ಕೆ ಮಾತ್ರ. ಟೇಬಲ್ ಹಾಕಿ ಬಿಯರ್ ಕೊಡುವ "ಸ್ಮೋಕಿಂಗ್ ಜೋನ್" ಎಷ್ಟು ಕಂಡಿದ್ದೀರಿ ಲೆಕ್ಕ ಹಾಕಿ. ಅವೆಲ್ಲ ನಿಯಮದ ಆಚೆಗಿನವು.

ಕಿಟಕಿ ತೆಗೆದರೆ, ಫ್ಯಾನ್ ಹಾಕಿದರೆ ಸಾಕಲ್ವಾ ಅಂತ ಕೇಳುತ್ತಾರೆ. ಸಾಲದು. ಇಷ್ಟು ಹೊಗೆಯಾದರೆ ಪರವಾಗಿಲ್ಲ ಎಂಬ ಸುರಕ್ಷಿತ ಮಟ್ಟವೇ ಇಲ್ಲ, ಗಾಳಿಯಾಡಿಸಿ ಅದನ್ನು ಪೂರ್ತಿ ತೆಗೆಯಲೂ ಆಗುವುದಿಲ್ಲ ಅಂತ ಅಮೆರಿಕದ ಸರ್ಜನ್ ಜನರಲ್ 2006ರ ವರದಿಯಲ್ಲೇ ಹೇಳಿದ್ದಾರೆ.

6. ಅಪಾರ್ಟ್‌ಮೆಂಟಿನವರು: ಸಭೆಯಲ್ಲಿ ಬರೆಸಿ

ಮೊದಲು ಹೊಗೆಯ ದಾರಿ ಪತ್ತೆ ಮಾಡಿ. ಬಾಲ್ಕನಿಯಿಂದಲೇ ಬರುತ್ತಿದೆ ಅಂದುಕೊಂಡಿರುತ್ತೀರಿ. ಬಹಳ ಸಲ ಅದು ಡಕ್ಟಿನಿಂದ ಬರುತ್ತದೆ. ಡಕ್ಟ್ ಅಂದರೆ ಬಾತ್‌ರೂಮುಗಳ ಹಿಂದೆ ಕೆಳಗಿನಿಂದ ಮೇಲಿನವರೆಗೆ ಹೋಗುವ ಪೈಪುಗಳ ಕೊಳವೆಯಂಥ ಜಾಗ. ಕೆಳಗಿನವರು ಬಾತ್‌ರೂಮಿನಲ್ಲಿ ಸೇದಿದರೆ ಅದರೊಳಗೆ ಹೊಗೆ ಮೇಲಕ್ಕೇರುತ್ತದೆ. ನೀವು ಕಿಟಕಿಗಳನ್ನೆಲ್ಲ ಮುಚ್ಚಿ ಅಡುಗೆಮನೆಯ ಚಿಮಣಿ ಹಾಕಿದರೆ ಇನ್ನೂ ಕೆಟ್ಟದು. ಅದು ಬಾತ್‌ರೂಮಿನ ಗಾಜಿನ ಪಟ್ಟಿಗಳ ಸಂದಿಯಿಂದ ಡಕ್ಟಿನ ಗಾಳಿಯನ್ನು ಒಳಗೆ ಎಳೆಯುತ್ತದೆ. ಬಾತ್‌ರೂಮ್ ಬಾಗಿಲು ಮುಚ್ಚಿ, ಬೇರೆ ಕಡೆಯ ಒಂದು ಕಿಟಕಿ ತೆಗೆದು ನೋಡಿ. ಅರ್ಧ ತೊಂದರೆ ಅಲ್ಲೇ ಕಡಿಮೆಯಾಗಬಹುದು.

ಒಂದು ವಾರ ನೋಟ್‌ಪುಸ್ತಕದಲ್ಲಿ ದಿನ, ಹೊತ್ತು, ಎಲ್ಲಿಂದ ಬಂತು ಅಂತ ಬರೆಯಿರಿ. ಆಮೇಲೆ ಆ ಮನೆಯವರನ್ನು ಒಬ್ಬರೇ ಹೋಗಿ ಭೇಟಿ ಮಾಡಿ. ಹೊಗೆ ಮೇಲೆ ಹೋಗುತ್ತದೆ ಎಂಬುದು ಬಹುಶಃ ಅವರಿಗೆ ಗೊತ್ತೇ ಇರುವುದಿಲ್ಲ. ಅವರ ಬಾಲ್ಕನಿ ಅವರದೇ. ಅಲ್ಲಿ ನೀವು ಮಾಡಬಹುದಾದದ್ದು ಹೊತ್ತಿನ ಒಪ್ಪಂದ. "ಮಗು ಎಂಟಕ್ಕೆ ಮಲಗುತ್ತೆ, ಆಮೇಲೆ ಆ ಕಡೆಯ ಬಾಲ್ಕನಿ ಬಳಸ್ತೀರಾ?" ಅಂತ.

ಲಿಫ್ಟು, ಮೆಟ್ಟಿಲು, ಪಾರ್ಕಿಂಗ್, ಟೆರೇಸಿಗೆ ಸಂಘದ ಸರ್ವಸದಸ್ಯರ ಸಭೆಯಲ್ಲಿ ನಿರ್ಣಯ ಮಾಡಿಸಿ. ಸಭೆಯ ನೋಟಿಸಿನಲ್ಲೇ ವಿಷಯ ಇರಬೇಕು. ಕೊನೆಗೆ "ಇತರೆ ವಿಷಯ" ಅಂತ ತಂದರೆ ನಾಳೆ ಯಾರಾದರೂ ತಕರಾರು ಎತ್ತುತ್ತಾರೆ. ಬೈಲಾದಲ್ಲಿ, ಅಂದರೆ ಸಂಘದ ನಿಯಮ ಪುಸ್ತಕದಲ್ಲಿ, ಇಂಥದಕ್ಕೆ ಎಷ್ಟು ಬಹುಮತ ಬೇಕು ಅಂತ ಮೊದಲೇ ನೋಡಿಕೊಳ್ಳಿ. ನಿರ್ಣಯ ಹೀಗಿರಬಹುದು:

"ಕಟ್ಟಡದ ಎಲ್ಲ ಸಾಮಾನ್ಯ ಜಾಗಗಳಲ್ಲಿ, ಅಂದರೆ ಲಿಫ್ಟ್, ಮೆಟ್ಟಿಲು, ಕಾರಿಡಾರ್, ಪಾರ್ಕಿಂಗ್, ಟೆರೇಸ್, ಕ್ಲಬ್‌ಹೌಸ್ ಮತ್ತು ಮಕ್ಕಳ ಆಟದ ಜಾಗದಲ್ಲಿ ಬೀಡಿ, ಸಿಗರೇಟು, ಹುಕ್ಕಾ, ವೇಪ್ ಸೇದುವಂತಿಲ್ಲ. ನಿವಾಸಿಗಳು, ಬಾಡಿಗೆದಾರರು, ಅತಿಥಿಗಳು, ಕೆಲಸದವರು ಎಲ್ಲರಿಗೂ ಇದು ಅನ್ವಯ. ದೂರುಗಳನ್ನು ಕಾರ್ಯದರ್ಶಿಗೆ ಕೊಡಬೇಕು."

ವೇಪ್ ಎಂಬ ಪದ ಬಿಡಬೇಡಿ. ಇ-ಸಿಗರೇಟಿನ ತಯಾರಿ, ಮಾರಾಟಗಳನ್ನು 2019ರಲ್ಲೇ ದೇಶದಲ್ಲಿ ನಿಷೇಧಿಸಲಾಗಿದೆ. ಆದರೂ "ಇದು ಸಿಗರೇಟಲ್ಲ, ಬರೀ ಆವಿ" ಅನ್ನುವವರು ಒಬ್ಬರಾದರೂ ಇದ್ದೇ ಇರುತ್ತಾರೆ. "ಕೆಲಸದವರು" ಎಂಬುದೂ ಇರಲಿ, "ನಿವಾಸಿಗಳು" ಎಂಬುದೂ ಇರಲಿ. ಡ್ರೈವರ್ ಬೀಡಿ ಸೇದಿದರೆ ಬೈದು, ಸಾಹೇಬರು ಸೇದಿದರೆ ನಗುವ ಕಟ್ಟಡದಲ್ಲಿ ಯಾವ ನಿರ್ಣಯವೂ ಒಂದು ತಿಂಗಳು ಬಾಳುವುದಿಲ್ಲ.

ಗೇಟಿನ ಹೊರಗೋ, ಕಿಟಕಿಗಳಿಂದ ದೂರದ ಬಯಲಿನಲ್ಲೋ ಒಂದು ಜಾಗ ತೋರಿಸಿಬಿಡುವುದು ಒಳ್ಳೆಯದು ಅಂತ ನನ್ನ ಅನಿಸಿಕೆ. ಕೆಲವರು ಇದಕ್ಕೆ ಒಪ್ಪುವುದಿಲ್ಲ. ಆದರೆ ಎಲ್ಲಿ ಬೇಡ ಅಂತ ಹೇಳಿ ಎಲ್ಲಿ ಅಂತ ಹೇಳದಿದ್ದರೆ, ಜನ ಮೆಟ್ಟಿಲ ಮೂಲೆಗೇ ವಾಪಸ್ ಬರುತ್ತಾರೆ.

ಎಚ್ಚರ: ಸೇದುವವರ ಫೋಟೊ ತೆಗೆದು ವಾಟ್ಸ್ಆ್ಯಪ್ ಗುಂಪಿಗೆ ಹಾಕಬೇಡಿ. ಹೊಗೆಯ ಚರ್ಚೆ ಅಲ್ಲಿಗೆ ಸತ್ತು, ಫೋಟೊ ಹಾಕಿದ್ದು ಸರಿಯೋ ತಪ್ಪೋ ಎಂಬ ಚರ್ಚೆ ಶುರುವಾಗುತ್ತದೆ. ಹಾಗೆಯೇ, ಸಂಘದವರು ಕೋಟ್ಪಾ ಹೆಸರಿನಲ್ಲಿ ದಂಡ ವಸೂಲು ಮಾಡುವಂತಿಲ್ಲ. ಆ ಅಧಿಕಾರ ಯಾರಿಗಿದೆ ಅಂತ ಮುಂದೆ ಇದೆ.

7. ಕೇಳದಿದ್ದರೆ ದೂರು

ದಂಡ ಹಾಕುವ ಅಧಿಕಾರ ಇರುವವರ ಪಟ್ಟಿ ನಿಯಮದಲ್ಲೇ ಇದೆ. ಸಬ್ ಇನ್ಸ್‌ಪೆಕ್ಟರ್ ಅಥವಾ ಅವರಿಗಿಂತ ಮೇಲಿನ ಪೊಲೀಸ್ ಅಧಿಕಾರಿ, ರೈಲು ನಿಲ್ದಾಣದ ಸ್ಟೇಷನ್ ಮಾಸ್ಟರ್, ಶಾಲೆ ಕಾಲೇಜಿನ ಮುಖ್ಯಸ್ಥರು, ಆಸ್ಪತ್ರೆಯ ಆಡಳಿತದವರು ಇತ್ಯಾದಿ. ದಂಡ ಕಟ್ಟಿದರೆ ರಸೀದಿ ಕೇಳಿ ಪಡೆಯಿರಿ.

ಹೋಟೆಲ್, ಬಾರಿನ ವಿಷಯ ಪದೇ ಪದೇ ಆಗುತ್ತಿದ್ದರೆ ಜಿಲ್ಲಾ ತಂಬಾಕು ನಿಯಂತ್ರಣ ಕೋಶಕ್ಕೆ ಬರೆಯಿರಿ. ಇದು ಆರೋಗ್ಯ ಇಲಾಖೆಯ ಕೆಳಗೆ, ಜಿಲ್ಲಾ ಮಟ್ಟದಲ್ಲಿ ಕೆಲಸ ಮಾಡುತ್ತದೆ. ಅದರ ಒಂದು ಪ್ರತಿ ಪೊಲೀಸ್ ಠಾಣೆಗೂ ಹೋಗಲಿ. ರೈಲಿನಲ್ಲಾದರೆ 139ಕ್ಕೆ ಫೋನ್ ಮಾಡಿ ಬೋಗಿ ಮತ್ತು ಸೀಟಿನ ನಂಬರ್ ಹೇಳಿ. ಶೌಚಾಲಯದ ಬಳಿ ಸೇದುವವರ ಜೊತೆ ನೀವೇ ವಾದಕ್ಕೆ ಇಳಿಯಬೇಡಿ.

ದೂರು ಅರ್ಧ ಪುಟ ಇದ್ದರೆ ಸಾಕು. ಜಾಗದ ಹೆಸರು ಮತ್ತು ವಿಳಾಸ, ದಿನಾಂಕ, ಹೊತ್ತು, ಏನು ಕಂಡಿರಿ, ಯಾರಿಗೆ ಹೇಳಿದಿರಿ, ಅವರು ಏನಂದರು. "ಬೋರ್ಡ್ ಇಲ್ಲ", "ಮೇಜಿನ ಮೇಲೆ ಆ್ಯಶ್‌ಟ್ರೇ ಇದೆ", "ಸ್ಮೋಕಿಂಗ್ ಕೋಣೆಯಲ್ಲಿ ಊಟ ಕೊಡುತ್ತಿದ್ದಾರೆ" ಇಂಥ ಮಾತುಗಳು ಗಟ್ಟಿ. ಪರಿಶೀಲಿಸಲು ಬಂದವರ ಕಣ್ಣಿಗೆ ಅವು ನೇರವಾಗಿ ಕಾಣುತ್ತವೆ. "ಯುವಕರು ಹಾಳಾಗುತ್ತಿದ್ದಾರೆ" ಅಂತ ಬರೆದರೆ ಅಧಿಕಾರಿ ಹುಡುಕುವುದೇನನ್ನು? ಸ್ವೀಕೃತಿ ಪ್ರತಿ ಇಟ್ಟುಕೊಳ್ಳಿ. ಏನೂ ಆಗದಿದ್ದರೆ, ಆ ದೂರಿನ ಮೇಲೆ ಏನು ಕ್ರಮ ತೆಗೆದುಕೊಂಡಿರಿ ಅಂತ ಮಾಹಿತಿ ಹಕ್ಕಿನಲ್ಲಿ ಕೇಳಬಹುದು.

8. ಮನೆ ಮತ್ತು ಸಮಾರಂಭ

ಮನೆಯೊಳಗೆ ಕಾನೂನು ಬರುವುದಿಲ್ಲ, ನೆಂಟರು ಬರುತ್ತಾರೆ. ಮೇಲೆ ಹೇಳಿದ ಸಮೀಕ್ಷೆಯಲ್ಲೇ ದೇಶದ ಶೇ 38.7ರಷ್ಟು ವಯಸ್ಕರು ಮನೆಯೊಳಗೆ ಬೇರೆಯವರ ಹೊಗೆಗೆ ಸಿಕ್ಕುತ್ತಿದ್ದರು. ಸಾರ್ವಜನಿಕ ಜಾಗದಲ್ಲಿ ಅದು ಶೇ 25.7. ಅಂದರೆ ಹೋಟೆಲಿಗಿಂತ ಮನೆಯೇ ಹೆಚ್ಚು ಹೊಗೆ.

ಮಾವನೋ ದೊಡ್ಡಪ್ಪನೋ ಜಗಲಿಯಲ್ಲಿ ಬೀಡಿ ಹಚ್ಚಿದರೆ ಸೊಸೆ ಹೇಳುವುದು ಕಷ್ಟ. ಹೇಳಬೇಕಾದವರು ಅವರ ಮಗ. ಅದೂ ಅವರು ಸೇದುತ್ತಿರುವಾಗ ಬೇಡ, ಬೇರೆ ಹೊತ್ತಿನಲ್ಲಿ. ಹಿತ್ತಲಿನಲ್ಲಿ, ನೆರಳಿರುವ ಕಡೆ ಒಂದು ಕುರ್ಚಿ ಹಾಕಿಡಿ. ಹಿರಿಯರಿಗೆ ಹೊರಗೆ ಹಾಕಿದರು ಎಂಬ ಭಾವನೆ ಬರಬಾರದು, ಅಷ್ಟೇ. ಬೀಡಿ ಕಟ್ಟಿಯೇ ಸಂಸಾರ ನಡೆಸಿದ ಮನೆಗಳು ಕರಾವಳಿಯಲ್ಲಿವೆ. ತಂಬಾಕು ಬೆಳೆದೇ ಮಕ್ಕಳನ್ನು ಓದಿಸಿದ ಮನೆಗಳು ಹುಣಸೂರು, ಪಿರಿಯಾಪಟ್ಟಣದ ಕಡೆ ಇವೆ. ಅಲ್ಲಿ "ತಂಬಾಕು ಕೆಟ್ಟದ್ದು" ಅಂತ ಶುರು ಮಾಡಿದರೆ ಮಾತು ಬೇರೆ ಕಡೆಗೇ ಹೋಗುತ್ತದೆ. ಮಗುವಿಗೆ ಹೊಗೆ ತಾಗುತ್ತಿದೆ ಅನ್ನಿ, ಸಾಕು.

ಮದುವೆ, ಗೃಹಪ್ರವೇಶಕ್ಕೆ ಛತ್ರ ಬುಕ್ ಮಾಡುವ ದಿನವೇ ಮ್ಯಾನೇಜರ್ ಹತ್ತಿರ ಮೂರು ವಿಷಯ ಕೇಳಿ: ಬೋರ್ಡು ಇದೆಯಾ, ಅದರಲ್ಲಿ ಯಾರ ಹೆಸರಿದೆ, ಊಟದ ಹಾಲಿನ ಹಿಂದಿನ ಬಾಗಿಲ ಬಳಿ ಯಾರು ನಿಲ್ಲುತ್ತಾರೆ. ಸೇದುವವರು ಸೇರುವುದು ಯಾವಾಗಲೂ ಆ ಹಿಂದಿನ ಬಾಗಿಲಲ್ಲೇ, ಪಾತ್ರೆ ತೊಳೆಯುವವರ ಪಕ್ಕ.

ಯಾರಾದರೂ "ಬಿಡಬೇಕು ಅಂತಿದ್ದೀನಿ" ಅಂತ ತಾವಾಗಿ ಹೇಳಿದರೆ ಮಾತ್ರ 1800-11-2356 ನಂಬರ್ ಕೊಡಿ. ಕೇಂದ್ರ ಸರ್ಕಾರದ ಉಚಿತ ಸಹಾಯವಾಣಿ. ಅವರ ಜೇಬಿನಲ್ಲಿರುವ ಪ್ಯಾಕಿನ ಮೇಲೆಯೇ ಅಚ್ಚಾಗಿದೆ.